ವಿಕಿಜ್: ಐದು ತರಂಗ ಆವೃತ್ತಿಗಳಲ್ಲಿ ಶಿಲೆಯ ರೋಧಶೀಲತೆ ಅಳೆಯುವ ಬಾವಿ ಉಪಕರಣದ ವಿಮರ್ಶೆ

ಕೊರೆದ ಬಾವಿಯೊಳಗೆ ಇಳಿಬಿಟ್ಟು ಸುತ್ತಲಿನ ಶಿಲೆಯ ವಿದ್ಯುತ್ ರೋಧಶೀಲತೆಯನ್ನು ವಿದ್ಯುತ್ಕಾಂತೀಯ ತರಂಗಗಳಿಂದ ಅಳೆಯುವ ಉಪಕರಣಗಳು ಹಲವಿವೆ. ಅವುಗಳಲ್ಲಿ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ವಿಕಿಜ್ ಎಂಬ ರಷ್ಯನ್ ಉಪಕರಣವನ್ನು. ನೊವೊಸಿಬಿರ್ಸ್ಕ್‌ನಲ್ಲಿ ಯೂರಿ ಆಂತೊನೊವ್, ಮಿಖಾಯಿಲ್ ಯೆಪೊವ್ ಮತ್ತು ಅವರ ಸಹೋದ್ಯೋಗಿಗಳ ಕೈಯಲ್ಲಿ ರೂಪುಗೊಂಡು, ಪಶ್ಚಿಮ ಸೈಬೀರಿಯದ ತೈಲ ಬಾವಿಗಳಲ್ಲಿ ದಿನನಿತ್ಯದ ಸಾಧನವಾಗಿ ನೆಲೆಯೂರಿದ ಈ ಉಪಕರಣದ ವಿನ್ಯಾಸದಲ್ಲಿ ಒಂದೇ ವಿಚಾರ ಮೊದಲಿನಿಂದ ಕೊನೆಯವರೆಗೆ ಹರಿದಿದೆ. ಅದರ ಗುಣಗಳು ಆ ವಿಚಾರದಿಂದಲೇ ಹುಟ್ಟಿವೆ, ದೌರ್ಬಲ್ಯಗಳೂ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟಿವೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಶಿಲೆಯ ರೋಧಶೀಲತೆ ಸುಮಾರು 1ರಿಂದ 50 ಓಮ್-ಮೀಟರ್ ಒಳಗಿದ್ದು, ಸಿಹಿನೀರಿನ ಮಡ್ (ಕೊರೆಯುವಾಗ ಬಾವಿಯಲ್ಲಿ ತುಂಬುವ ದ್ರವ) ಬಳಸಿ ಕೊರೆದ, ಹೆಚ್ಚು ಓರೆಯಿಲ್ಲದ ಬಾವಿಗೆ ಇದಕ್ಕಿಂತ ಸ್ಪಷ್ಟವಾಗಿ ಉತ್ತರ ಕೊಡುವ ಸಾಧನಗಳು ಕಡಿಮೆ. ಗ್ರಾನೈಟ್, ಬಿಗಿಯಾದ ಸುಣ್ಣಕಲ್ಲು ಅಥವಾ ಉಪ್ಪುನೀರಿನ ಮಡ್ ಇರುವ ಕಡೆ ಇದನ್ನು ಆಯ್ದುಕೊಳ್ಳುವುದು ವಿವೇಕವಲ್ಲ.

ರೋಧಶೀಲತೆಯ ಮೇಲೆ ಇಷ್ಟೊಂದು ಶ್ರಮ ಏಕೆ ಎಂಬುದನ್ನು ಚುಟುಕಾಗಿ ಹೇಳಬೇಕು. ಮರಳುಗಲ್ಲಿನ ಖನಿಜ ಕಣಗಳು ವಿದ್ಯುತ್ತನ್ನು ಹೆಚ್ಚುಕಡಿಮೆ ಹರಿಯಗೊಡುವುದಿಲ್ಲ, ತೈಲ ಮತ್ತು ಅನಿಲಗಳೂ ಅಷ್ಟೆ. ಹರಿಯುವುದೆಲ್ಲ ರಂಧ್ರಗಳಲ್ಲಿರುವ ಉಪ್ಪುನೀರಿನ ಮೂಲಕ. ಆದ್ದರಿಂದ ಒಂದೇ ಸರಂಧ್ರತೆಯ ಎರಡು ಪದರಗಳಲ್ಲಿ ಹೆಚ್ಚು ರೋಧಶೀಲತೆ ತೋರುವ ಪದರದಲ್ಲಿ ನೀರು ಕಡಿಮೆ ಎಂದು ತರ್ಕಿಸಬಹುದು. ಈ ತರ್ಕಕ್ಕೆ ಲೆಕ್ಕದ ರೂಪ ಕೊಟ್ಟದ್ದು 1942ರಲ್ಲಿ ಪ್ರಕಟವಾದ ಗಸ್ ಆರ್ಚಿಯ ಸೂತ್ರ. ಸರಂಧ್ರತೆ ಶೇಕಡಾ 20, ರಂಧ್ರದ ನೀರಿನ ರೋಧಶೀಲತೆ 0.25 ಓಮ್-ಮೀಟರ್ ಎಂದಿಟ್ಟುಕೊಂಡು, ಸೂತ್ರದ ಎರಡೂ ಘಾತಾಂಕಗಳನ್ನು 2 ಎಂದು ಹಿಡಿದರೆ, ಪೂರ್ತಿ ನೀರು ತುಂಬಿದ ಪದರ ಸುಮಾರು 6 ಓಮ್-ಮೀಟರ್ ತೋರಬೇಕು. ಅದೇ ಪದರ 25 ಓಮ್-ಮೀಟರ್ ತೋರಿದರೆ ರಂಧ್ರಗಳ ಅರ್ಧದಷ್ಟು ಮಾತ್ರ ನೀರು. ಜೇಡಿ ಬೆರೆತ ಪಶ್ಚಿಮ ಸೈಬೀರಿಯದ ಮರಳುಗಲ್ಲುಗಳಲ್ಲಿ ತೈಲದ ಪದರಕ್ಕೂ ನೀರಿನ ಪದರಕ್ಕೂ ನಡುವಿನ ಅಂತರ ಎಷ್ಟೋ ಸಲ ಕೆಲವೇ ಓಮ್-ಮೀಟರ್‌ಗಳಷ್ಟಿರುತ್ತದೆ. ಅಂಥ ಕಡೆ ಅಳತೆಯಲ್ಲಿ ಒಂದೆರಡು ಓಮ್-ಮೀಟರ್ ತಪ್ಪಿದರೆ ಬಾವಿಯ ಹಣೆಬರಹವೇ ಬದಲಾಗುತ್ತದೆ.

1927ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸೋದರರ ಪದ್ಧತಿಯಂತೆ ಆನ್ರಿ ಡಾಲ್ ದಾಖಲಿಸಿದ ಮೊದಲ ವಿದ್ಯುತ್ ಲಾಗ್‌ನಲ್ಲಿ (ಬಾವಿಯ ಆಳಕ್ಕೆ ತಕ್ಕಂತೆ ತೆಗೆದ ಅಳತೆಗಳ ದಾಖಲೆಯಲ್ಲಿ) ವಿದ್ಯುದ್ವಾರಗಳಿಂದ ನೇರವಾಗಿ ಪ್ರವಾಹವನ್ನು ನೆಲದೊಳಕ್ಕೆ ಹರಿಸಲಾಗಿತ್ತು. ಈ ವಿಧಾನಕ್ಕೆ ಬಾವಿಯಲ್ಲಿ ವಾಹಕ ದ್ರವ ಇರಲೇಬೇಕು. ತೈಲಾಧಾರಿತ ಮಡ್ ತುಂಬಿದ ಬಾವಿಯಲ್ಲಾಗಲಿ ಬರೀ ಗಾಳಿ ತುಂಬಿದ ಬಾವಿಯಲ್ಲಾಗಲಿ ಅದು ನಡೆಯದು. ಆ ತೊಡಕನ್ನು ಬಿಡಿಸಿದವನೂ ಡಾಲ್‌ನೇ. 1949ರಲ್ಲಿ ಆತ ಮಂಡಿಸಿದ ಇಂಡಕ್ಷನ್ ಲಾಗಿಂಗ್‌ನಲ್ಲಿ ಪ್ರೇಷಕ ಸುರುಳಿಯ ಪರ್ಯಾಯ ಕಾಂತಕ್ಷೇತ್ರ ಬಾವಿಯ ಸುತ್ತಲಿನ ಶಿಲೆಯಲ್ಲಿ ಬಳೆಯಾಕಾರದ ಪ್ರವಾಹಗಳನ್ನು ಹುಟ್ಟಿಸುತ್ತದೆ, ಆ ಪ್ರವಾಹಗಳ ಕ್ಷೇತ್ರವನ್ನು ಗ್ರಾಹಕ ಸುರುಳಿ ಹಿಡಿಯುತ್ತದೆ. ವಿದ್ಯುತ್ ಸಂಪರ್ಕದ ಅಗತ್ಯವೇ ಇಲ್ಲ. ಮುಂದೆ ದಶಕಗಳ ಕಾಲ ಈ ಉಪಕರಣಗಳು ಸುಮಾರು 20 ಕಿಲೋಹರ್ಟ್ಜ್‌ನಲ್ಲಿ ಕೆಲಸ ಮಾಡಿದವು. ಅಲ್ಲಿ ಪ್ರೇಷಕದಿಂದ ನೇರವಾಗಿ ಗ್ರಾಹಕಕ್ಕೆ ಬರುವ ಕ್ಷೇತ್ರ ಶಿಲೆಯಿಂದ ಬರುವ ಸಂಕೇತಕ್ಕಿಂತ ಬಹಳ ದೊಡ್ಡದು. ಅದನ್ನು ಹೆಚ್ಚುವರಿ ಸುರುಳಿಗಳಿಂದ ಹೊಡೆದುಹಾಕುವುದೇ ಆ ಪೀಳಿಗೆಯ ಎಂಜಿನಿಯರಿಂಗ್‌ನ ಬಹುಪಾಲು ಕೆಲಸವಾಗಿತ್ತು.

ವಿಕಿಜ್ ಈ ಜಗಳವನ್ನು ಬೇರೆ ದಾರಿಯಿಂದ ಮುಗಿಸುತ್ತದೆ. ಅದರೊಳಗಿನ ಐದು ಪ್ರೋಬ್‌ಗಳಲ್ಲಿ, ಅಂದರೆ ಅಳತೆಯ ಘಟಕಗಳಲ್ಲಿ, ಪ್ರತಿಯೊಂದರಲ್ಲಿಯೂ ಒಂದು ಪ್ರೇಷಕ ಮತ್ತು ಎರಡು ಗ್ರಾಹಕಗಳಿವೆ. ಅಳೆಯುವುದು ಎರಡು ಗ್ರಾಹಕಗಳ ನಡುವಿನ ಫೇಸ್ (ತರಂಗದ ಏರಿಳಿತದ ಹಂತ) ವ್ಯತ್ಯಾಸವನ್ನು ಮಾತ್ರ. ತರಂಗ ವಾಹಕ ಶಿಲೆಯಲ್ಲಿ ಸಾಗುವಾಗ ಅದರ ಫೇಸ್ ಹಿಂದೆ ಬೀಳುತ್ತ ಹೋಗುತ್ತದೆ, ದೂರದ ಗ್ರಾಹಕದಲ್ಲಿ ಹತ್ತಿರದ್ದಕ್ಕಿಂತ ಹೆಚ್ಚು ಹಿಂದೆ ಬಿದ್ದಿರುತ್ತದೆ. ಪ್ರೇಷಕದ ಬಲ ಬಿಸಿಯಿಂದ ಏರಲಿ, ಇಳಿಯಲಿ, ಎರಡು ಗ್ರಾಹಕಗಳಿಗೂ ಅದು ಸಮಾನವಾದ್ದರಿಂದ ವ್ಯತ್ಯಾಸದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಗಾಳಿಯಲ್ಲಿ ಇಷ್ಟು ಚಿಕ್ಕ ಅಂತರದಲ್ಲಿ ಫೇಸ್ ವ್ಯತ್ಯಾಸ ಸೊನ್ನೆಗೆ ತೀರ ಹತ್ತಿರವಿರುವುದರಿಂದ, ಲೋಹದ ವಸ್ತುಗಳಿಂದ ದೂರ, ನೆಲದಿಂದ ಮೇಲೆ ಎತ್ತಿ ಇಟ್ಟ ಉಪಕರಣ ಸೊನ್ನೆ ತೋರುತ್ತದೆಯೇ ಎಂದು ನೋಡಿದರೆ ಅದರ ಆರೋಗ್ಯ ತಕ್ಷಣ ತಿಳಿಯುತ್ತದೆ. ಬಾವಿಯ ದ್ರವದ ಪ್ರಭಾವವೂ ಎರಡು ಗ್ರಾಹಕಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಅದರ ದೊಡ್ಡ ಪಾಲು ಕಳೆದುಹೋಗುತ್ತದೆ.

ಆದರೆ ಉಪಕರಣದ ನಿಜವಾದ ಸೊಗಸು ಐದು ಪ್ರೋಬ್‌ಗಳ ನಡುವಿನ ಸಂಬಂಧದಲ್ಲಿದೆ. ಅವುಗಳ ಉದ್ದ ಸುಮಾರು 0.5, 0.7, 1.0, 1.4 ಮತ್ತು 2.0 ಮೀಟರ್, ಆವೃತ್ತಿಗಳು ಅದೇ ಕ್ರಮದಲ್ಲಿ 14, 7, 3.5, 1.75 ಮತ್ತು 0.875 ಮೆಗಾಹರ್ಟ್ಜ್. ಉದ್ದದ ವರ್ಗವನ್ನು ಆವೃತ್ತಿಯಿಂದ ಗುಣಿಸಿ ನೋಡಿ, ಐದೂ ಕಡೆ ಉತ್ತರ ಹೆಚ್ಚುಕಡಿಮೆ 3.5 ಬರುತ್ತದೆ. ಗ್ರಾಹಕಗಳ ನಡುವಿನ ಅಂತರವೂ ಪ್ರತಿ ಪ್ರೋಬ್‌ನ ಉದ್ದದ ಐದನೇ ಒಂದು ಭಾಗ, ಅಂದರೆ ಅತಿ ಚಿಕ್ಕದರಲ್ಲಿ 10 ಸೆಂಟಿಮೀಟರ್, ಅತಿ ದೊಡ್ಡದರಲ್ಲಿ 40. ತರಂಗ ವಾಹಕ ಮಾಧ್ಯಮದಲ್ಲಿ ಎಷ್ಟು ದೂರ ಹೋಗಿ ಕ್ಷೀಣಿಸುತ್ತದೆ ಎಂಬುದನ್ನು ಹೇಳುವ ಸ್ಕಿನ್ ಡೆಪ್ತ್ ಎಂಬ ಅಳತೆ ರೋಧಶೀಲತೆಯನ್ನು ಆವೃತ್ತಿಯಿಂದ ಭಾಗಿಸಿ ತೆಗೆದ ವರ್ಗಮೂಲಕ್ಕೆ ಅನುಗುಣವಾದದ್ದು. 10 ಓಮ್-ಮೀಟರ್ ಶಿಲೆಯಲ್ಲಿ ಅದು 14 ಮೆಗಾಹರ್ಟ್ಜ್‌ಗೆ ಸುಮಾರು 43 ಸೆಂಟಿಮೀಟರ್, 0.875 ಮೆಗಾಹರ್ಟ್ಜ್‌ಗೆ ಸುಮಾರು 1.7 ಮೀಟರ್. ಪ್ರೋಬ್‌ನ ಉದ್ದಕ್ಕೂ ಸ್ಕಿನ್ ಡೆಪ್ತ್‌ಗೂ ಇರುವ ಅನುಪಾತ ಐದರಲ್ಲಿಯೂ ಒಂದೇ ಆಗುತ್ತದೆ. ಅಂದರೆ ಐದು ಪ್ರೋಬ್‌ಗಳು ಒಂದೇ ಉಪಕರಣದ ಚಿಕ್ಕ-ದೊಡ್ಡ ಪ್ರತಿಗಳು.

ಇದರಿಂದ ಓದುಗನಿಗೆ ಆಗುವ ಲಾಭ ದೊಡ್ಡದು. ಸುತ್ತಲಿನ ಶಿಲೆ ಏಕರೂಪವಾಗಿದ್ದರೆ ಐದು ಪ್ರೋಬ್‌ಗಳೂ ಒಂದೇ ಫೇಸ್ ವ್ಯತ್ಯಾಸವನ್ನು ತೋರುತ್ತವೆ. ಯಾವ ಪರಿವರ್ತನೆಯೂ ತಿದ್ದುಪಡಿಯೂ ಬೇಕಿಲ್ಲ, ಲಾಗ್‌ನಲ್ಲಿ ಐದು ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಗೆರೆಗಳು ಬೇರ್ಪಟ್ಟರೆ ಬಾವಿಯ ಗೋಡೆಯಿಂದ ಒಳಮುಖವಾಗಿ ರೋಧಶೀಲತೆ ಬದಲಾಗುತ್ತಿದೆ ಎಂದೋ, ಪದರದ ಗಡಿ ಹತ್ತಿರವಿದೆ ಎಂದೋ ಅರ್ಥ. ಜೇಡಿಶಿಲೆಯ ದಪ್ಪ ಪದರಗಳಲ್ಲಿ ಮಡ್ ಒಳಗೆ ನುಗ್ಗುವುದಿಲ್ಲ, ಬಾವಿಯ ಗೋಡೆ ಕುಸಿಯದೆ ಉಳಿದಿದ್ದರೆ ಅಲ್ಲಿ ಐದೂ ಗೆರೆಗಳು ಕೂಡಿಕೊಳ್ಳಬೇಕು. ಕೂಡದಿದ್ದರೆ ಉಪಕರಣವನ್ನು ಅನುಮಾನಿಸಬೇಕು. ಲಾಗ್‌ನ ಒಳಗೇ ಅದರ ಪರೀಕ್ಷೆಯೂ ಅಡಗಿರುವ ಇಂಥ ವಿನ್ಯಾಸವನ್ನು ನಾನು ಬಹಳ ಮೆಚ್ಚುತ್ತೇನೆ. ಬಾವಿಯ ಸ್ವಯಂಜನ್ಯ ವಿಭವವನ್ನೂ (ಬಾವಿಯಲ್ಲಿ ತಾನಾಗಿಯೇ ಹುಟ್ಟುವ ವೋಲ್ಟೇಜನ್ನೂ) ಉಪಕರಣ ಅದೇ ಓಟದಲ್ಲಿ ದಾಖಲಿಸುವುದರಿಂದ ಯಾವುದು ಜೇಡಿ, ಯಾವುದು ಮರಳುಗಲ್ಲು ಎಂಬುದಕ್ಕೆ ಬೇರೆ ಕಾಗದ ಹುಡುಕಬೇಕಾಗಿಲ್ಲ.

ಮಡ್ ನುಗ್ಗಿದ ವಲಯವನ್ನು ಬಿಡಿಸಿ ತೋರಿಸುವುದರಲ್ಲಿ ಈ ಉಪಕರಣದ ಕೈ ಪಳಗಿದೆ. ಸಿಹಿನೀರಿನ ಮಡ್‌ನಿಂದ ಸೋಸಿ ಬಂದ ನೀರು ಪಾರಗಮ್ಯ ಮರಳುಗಲ್ಲಿನೊಳಗೆ ಇಳಿದಾಗ ಗೋಡೆಯ ಹತ್ತಿರ ರೋಧಶೀಲತೆ ಏರುತ್ತದೆ, ಒಳಕ್ಕೆ ಹೋದಂತೆ ಶಿಲೆಯ ಸ್ವಂತ ಬೆಲೆಗೆ ಮರಳುತ್ತದೆ. ಚಿಕ್ಕ ಪ್ರೋಬ್ ಹೆಚ್ಚು ಓಮ್ ತೋರಿ, ದೊಡ್ಡದು ಕಡಿಮೆ ತೋರುತ್ತದೆ. ತೈಲದ ಪದರದಲ್ಲಿ ಇನ್ನೊಂದು ಸೂಕ್ಷ್ಮ ಘಟನೆ ನಡೆಯಬಹುದು. ಒಳನುಗ್ಗುವ ನೀರು ಚಲಿಸಬಲ್ಲ ತೈಲವನ್ನು ಮುಂದೆ ತಳ್ಳುತ್ತ, ಪದರದ ಸ್ವಂತ ಉಪ್ಪುನೀರನ್ನೂ ತನ್ನ ಮುಂದೆ ಕೂಡಿಹಾಕುತ್ತದೆ. ನುಗ್ಗಿದ ವಲಯಕ್ಕೂ ಮುಟ್ಟದ ಶಿಲೆಗೂ ನಡುವೆ ಕಡಿಮೆ ರೋಧಶೀಲತೆಯ ಒಂದು ತೆಳು ಉಂಗುರ ಹುಟ್ಟುತ್ತದೆ. ಇಂಥ ಉಂಗುರ ಕಂಡಿತೆಂದರೆ ಪದರದ ತೈಲ ಚಲಿಸಬಲ್ಲದು ಎಂಬುದಕ್ಕೆ ಒಳ್ಳೆಯ ಸೂಚನೆ ಸಿಕ್ಕಂತೆ. ವಿದ್ಯುದ್ವಾರಗಳ ಉಪಕರಣದಲ್ಲಿ ಪ್ರವಾಹ ಉಂಗುರವನ್ನು ಅಡ್ಡ ಹಾಯ್ದು ಹೋಗುತ್ತದೆ, ತೆಳುವಾದ ವಾಹಕ ವಲಯ ಒಟ್ಟು ರೋಧದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿಯಾದರೋ ಪ್ರವಾಹ ಉಂಗುರದ ಉದ್ದಕ್ಕೂ ಸುತ್ತುತ್ತದೆ, ಆದ್ದರಿಂದ ಅದೇ ತೆಳುವಲಯ ಎದ್ದು ಕಾಣುತ್ತದೆ. ಐದು ಗೆರೆಗಳಲ್ಲಿ ನಡುವಿನವು ಎರಡು ತುದಿಯವಕ್ಕಿಂತ ಕೆಳಗಿಳಿದರೆ ಉಂಗುರವನ್ನು ಶಂಕಿಸಬಹುದು. ಉಂಗುರ ಶಾಶ್ವತವಲ್ಲ, ಕಾಲ ಕಳೆದಂತೆ ಉಪ್ಪು ಹರಡಿ ಮಾಸಿಹೋಗುತ್ತದೆ; ಪದರವನ್ನು ಕೊರೆದು ಎಷ್ಟು ಸಮಯದ ನಂತರ ಲಾಗ್ ಮಾಡಲಾಯಿತು ಎಂಬ ದಾಖಲೆ ಇಲ್ಲದೆ ಉಂಗುರ ಇದೆ ಅಥವಾ ಇಲ್ಲ ಎಂದು ವಾದಿಸುವುದು ವ್ಯರ್ಥ.

ಇನ್ನು ಮಿತಿಗಳು. ಏಕರೂಪ ಶಿಲೆಯಲ್ಲಿ ಸಿಗಬೇಕಾದ ಫೇಸ್ ವ್ಯತ್ಯಾಸವನ್ನು ಲೆಕ್ಕ ಹಾಕಿದರೆ 1 ಓಮ್-ಮೀಟರ್‌ಗೆ ಸುಮಾರು 41 ಡಿಗ್ರಿ, 10ಕ್ಕೆ 11 ಡಿಗ್ರಿ, 50ಕ್ಕೆ ಮೂರೂವರೆ ಡಿಗ್ರಿ, 100ಕ್ಕೆ 2 ಡಿಗ್ರಿ, 200ಕ್ಕೆ 1 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ. ಈ ಅಂಕಿಗಳೇ ಉಪಕರಣದ ಜಾತಕ. ಅಳತೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೆ 10 ಓಮ್-ಮೀಟರ್ ಪದರದಲ್ಲಿ ಶೇಕಡಾ 5 ಅಥವಾ 6ರಷ್ಟು ದೋಷ ಉಂಟಾಗುತ್ತದೆ, ಅದನ್ನು ಸಹಿಸಬಹುದು. ಅದೇ ಅರ್ಧ ಡಿಗ್ರಿ 100 ಓಮ್-ಮೀಟರ್ ಪದರದಲ್ಲಿ ಉತ್ತರದ ಕಾಲು ಭಾಗವನ್ನೋ ಅದಕ್ಕಿಂತ ಹೆಚ್ಚನ್ನೋ ನುಂಗಿಹಾಕುತ್ತದೆ, 200ರಲ್ಲಿ ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ. ಹೆಚ್ಚು ರೋಧಶೀಲತೆಯ ಶಿಲೆಯನ್ನು ಅಳೆಯಲು ಹೊರಟವರು ಲಾಗ್‌ನ ಕಾಗದದಲ್ಲಿ ಮುದ್ರಿತವಾಗಿರುವ ದಶಮಾಂಶಗಳನ್ನು ನಂಬಬಾರದು. ಆ ದಶಮಾಂಶಗಳು ತಂತ್ರಾಂಶದ ಔದಾರ್ಯದಿಂದ ಬಂದವು.

ಹೆಚ್ಚು ರೋಧಶೀಲತೆಯಲ್ಲಿ ಕಾಡುವ ಎರಡನೆಯ ತೊಂದರೆ ನೇರವಾಗಿ ವಿನ್ಯಾಸದ ಮೂಲ ವಿಚಾರಕ್ಕೇ ಪೆಟ್ಟು ಕೊಡುತ್ತದೆ. ಮೇಲೆ ಹೇಳಿದ ಅನುಪಾತದ ಲೆಕ್ಕ ಶಿಲೆಯಲ್ಲಿ ಹರಿಯುವುದು ವಾಹಕ ಪ್ರವಾಹ ಮಾತ್ರ ಎಂದು ಊಹಿಸುತ್ತದೆ. ಮೆಗಾಹರ್ಟ್ಜ್‌ಗಳ ಮಟ್ಟದಲ್ಲಿ ಶಿಲೆಯ ಡೈಎಲೆಕ್ಟ್ರಿಕ್ ಗುಣದಿಂದ (ವಿದ್ಯುತ್ ಕ್ಷೇತ್ರದಲ್ಲಿ ಅದರ ಆವೇಶಗಳು ತುಸು ಸರಿಯುವ ಗುಣದಿಂದ) ಹುಟ್ಟುವ ಸ್ಥಾನಾಂತರ ಪ್ರವಾಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಪೇಕ್ಷ ಡೈಎಲೆಕ್ಟ್ರಿಕ್ ಸ್ಥಿರಾಂಕ 10, ರೋಧಶೀಲತೆ 100 ಓಮ್-ಮೀಟರ್ ಎಂದರೆ 14 ಮೆಗಾಹರ್ಟ್ಜ್‌ನಲ್ಲಿ ಸ್ಥಾನಾಂತರ ಪ್ರವಾಹ ವಾಹಕ ಪ್ರವಾಹದ ಸುಮಾರು ಮುಕ್ಕಾಲು ಪಾಲು ಆಗುತ್ತದೆ, 0.875 ಮೆಗಾಹರ್ಟ್ಜ್‌ನಲ್ಲಿ ಅದು ಶೇಕಡಾ 5ರ ಆಸುಪಾಸಿನಲ್ಲಿ ಉಳಿಯುತ್ತದೆ. ಹೀಗಾಗಿ ಪೂರ್ತಿ ಏಕರೂಪವಾದ ಶಿಲೆಯಲ್ಲಿಯೂ ಐದು ಗೆರೆಗಳು ಬೇರ್ಪಡುತ್ತವೆ, ಇಲ್ಲದ ಒಳನುಗ್ಗುವಿಕೆಯನ್ನು ಲಾಗ್ ತೋರಿಸಿದಂತಾಗುತ್ತದೆ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 80ರ ಹತ್ತಿರವಿದ್ದರೆ ತೈಲದ್ದು 2ರ ಸುಮಾರು, ಕ್ವಾರ್ಟ್ಜ್‌ನದು ಐದಕ್ಕೂ ಕಡಿಮೆ. ಈ ಅಂತರವನ್ನೇ ಬಳಸಿಕೊಂಡು ಗಿಗಾಹರ್ಟ್ಜ್ ಮಟ್ಟದಲ್ಲಿ ನೀರನ್ನು ಗುರುತಿಸುವ ಬೇರೆ ಉಪಕರಣಗಳಿವೆ. ಆದರೆ ಫೇಸ್ ವ್ಯತ್ಯಾಸ ಒಂದನ್ನೇ ಅಳೆಯುವ ವಿಕಿಜ್‌ಗೆ ರೋಧಶೀಲತೆ ಮತ್ತು ಡೈಎಲೆಕ್ಟ್ರಿಕ್ ಸ್ಥಿರಾಂಕ ಎರಡನ್ನೂ ಒಂದು ಆವೃತ್ತಿಯ ಒಂದೇ ಅಂಕಿಯಿಂದ ಬಿಡಿಸಲು ಸಾಧ್ಯವಿಲ್ಲ. ತರಂಗದ ಕ್ಷೀಣತೆಯನ್ನೂ ಅದು ದಾಖಲಿಸುವಂತಿದ್ದರೆ ಈ ಕೊರತೆ ಬಹಳಷ್ಟು ನೀಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಉಪ್ಪು ಮಡ್‌ನ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಡ್‌ನ ರೋಧಶೀಲತೆ ಸಮುದ್ರದ ನೀರಿನಂತೆ 0.2 ಓಮ್-ಮೀಟರ್ ಇದ್ದರೆ 14 ಮೆಗಾಹರ್ಟ್ಜ್‌ನ ಸ್ಕಿನ್ ಡೆಪ್ತ್ ಅದರಲ್ಲಿ ಕೇವಲ 6 ಸೆಂಟಿಮೀಟರ್. 216 ಮಿಲಿಮೀಟರ್ ವ್ಯಾಸದ ಬಾವಿಯ ನಡುವಿನಿಂದ ಹೊರಟ ತರಂಗ ಗೋಡೆ ಮುಟ್ಟುವಷ್ಟರಲ್ಲಿಯೇ ಸೊರಗಿಹೋಗಿರುತ್ತದೆ. ಚಿಕ್ಕ ಪ್ರೋಬ್‌ಗಳು ಆಗ ಅಳೆಯುವುದು ಮಡ್ಡನ್ನೇ. ಅಂಥ ಬಾವಿಗೆ ವಿದ್ಯುದ್ವಾರಗಳಿಂದ ಪ್ರವಾಹವನ್ನು ಒಟ್ಟುಗೂಡಿಸಿ ಗೋಡೆಯೊಳಕ್ಕೆ ನೂಕುವ ಲ್ಯಾಟೆರೋಲಾಗ್ ಸರಿಯಾದ ಸಾಧನ. ಉಕ್ಕಿನ ಕೊಳವೆ ಇಳಿಸಿದ ಬಾವಿಯಲ್ಲಿ ವಿಕಿಜ್ ಏನನ್ನೂ ಕಾಣಲಾರದು, ಪ್ಲಾಸ್ಟಿಕ್ ಕೊಳವೆ ಇದ್ದರೆ ಅಡ್ಡಿಯಿಲ್ಲ.

ತೆಳು ಪದರಗಳ ವಿಷಯದಲ್ಲಿ ಓದುಗರು ಸ್ವಲ್ಪ ತಾಳ್ಮೆ ತೋರಬೇಕು. ಎರಡು ಮೀಟರ್ ಪ್ರೋಬ್‌ನ ಎದುರಿಗೆ ಒಂದು ಮೀಟರ್ ದಪ್ಪದ ತೈಲ ಪದರ ಬಂದಾಗ ಮೇಲಿನ ಮತ್ತು ಕೆಳಗಿನ ಜೇಡಿಶಿಲೆಗಳ ವಾಹಕತೆ ಗೆರೆಯನ್ನು ತಮ್ಮತ್ತ ಎಳೆಯುತ್ತದೆ. ಚಿಕ್ಕ ಪ್ರೋಬ್ ಮಾತ್ರ ಪದರವನ್ನು ಸರಿಯಾಗಿ ವಿಂಗಡಿಸುತ್ತದೆ, ಆದರೆ ಅದು ನೋಡುವುದು ಮಡ್ ನುಗ್ಗಿದ ವಲಯವನ್ನು. ಒಂದಕ್ಕೆ ಕಣ್ಣಿನ ಚುರುಕು, ಇನ್ನೊಂದಕ್ಕೆ ದೂರದೃಷ್ಟಿ, ಎರಡೂ ಒಂದರಲ್ಲಿ ಇಲ್ಲ. ವಿಲೋಮ ಗಣನೆಯ ತಂತ್ರಾಂಶ ಈ ಐದು ಗೆರೆಗಳನ್ನು ಒಟ್ಟಿಗೆ ತೆಗೆದುಕೊಂಡು ಗೋಡೆಯಿಂದ ಒಳಕ್ಕೆ ರೋಧಶೀಲತೆಯ ಮಾದರಿಯೊಂದನ್ನು ಕಟ್ಟಿಕೊಡುತ್ತದೆ, ನಿಜ. ಆದರೆ ಒಂದೇ ಲಾಗ್‌ಗೆ ಹೊಂದುವ ಮಾದರಿಗಳು ಒಂದಕ್ಕಿಂತ ಹೆಚ್ಚು ಇರಬಲ್ಲವು. ನುಗ್ಗಿದ ವಲಯದ ತ್ರಿಜ್ಯವನ್ನು ಹಿಗ್ಗಿಸಿ ರೋಧಶೀಲತೆಯನ್ನು ತಗ್ಗಿಸಿದರೂ ಗೆರೆಗಳು ಹೆಚ್ಚುಕಡಿಮೆ ಹಾಗೆಯೇ ಬರುವ ಸಂದರ್ಭಗಳಿವೆ. ಕಾರ್ಬೊನೇಟ್‌ನಿಂದ ಗಟ್ಟಿಯಾದ ತೆಳು ಮರಳುಗಲ್ಲಿನ ಪದರಗಳಂತೂ ಹೆಚ್ಚು ರೋಧಶೀಲತೆ ತೋರಿ ತೈಲದ ವೇಷ ಹಾಕುವುದರಲ್ಲಿ ನಿಸ್ಸೀಮ. ಸಾಂದ್ರತೆಯ ಅಥವಾ ನ್ಯೂಟ್ರಾನ್ ಲಾಗ್ ಪಕ್ಕದಲ್ಲಿರದೆ ಅವುಗಳ ಬಣ್ಣ ಬಯಲಾಗುವುದಿಲ್ಲ.

ನೆಟ್ಟನೆಯ ಬಾವಿ, ಮಟ್ಟಸವಾದ ಪದರ ಎಂಬ ಜೋಡಿಯಲ್ಲಿ ಪ್ರವಾಹದ ಬಳೆಗಳು ಪದರಗಳಿಗೆ ಸಮಾಂತರವಾಗಿ ಸುತ್ತುತ್ತವೆ, ಆದ್ದರಿಂದ ಉಪಕರಣ ಅಳೆಯುವುದು ಪದರದ ಉದ್ದಕ್ಕೂ ಇರುವ ರೋಧಶೀಲತೆಯನ್ನು. ಬೆರಳಗಲದ ಮರಳು, ಬೆರಳಗಲದ ಜೇಡಿ ಎಂಬಂತೆ ಹೆಣೆದುಕೊಂಡ ಶಿಲೆಯಲ್ಲಿ ಈ ಅಳತೆಯನ್ನು ಜೇಡಿಯೇ ಆಳುತ್ತದೆ, ಮರಳಿನಲ್ಲಿ ತೈಲವಿದ್ದರೂ ಲಾಗ್ ತಗ್ಗಿನಲ್ಲಿಯೇ ಹೋಗುತ್ತದೆ. ಮೂರು ದಿಕ್ಕುಗಳಲ್ಲಿ ಸುರುಳಿಗಳನ್ನು ಜೋಡಿಸಿದ ಇಂಡಕ್ಷನ್ ಉಪಕರಣಗಳು ಪದರಕ್ಕೆ ಅಡ್ಡಲಾಗಿರುವ ರೋಧಶೀಲತೆಯನ್ನೂ ಅಳೆದು ಈ ಮೋಸವನ್ನು ಹೊರಗೆಳೆಯುತ್ತವೆ. ಎಲ್ಲ ಸುರುಳಿಗಳೂ ಬಾವಿಯ ಅಕ್ಷದ ಉದ್ದಕ್ಕೇ ಇರುವ ವಿಕಿಜ್‌ಗೆ ಅದು ಸಾಧ್ಯವಿಲ್ಲ. ಅಡ್ಡಬಾವಿಗಳಲ್ಲಿ ಬಳೆಗಳು ಪದರಗಳನ್ನು ಕತ್ತರಿಸಿ ಸುತ್ತುವುದರಿಂದ ಎರಡು ದಿಕ್ಕಿನ ರೋಧಶೀಲತೆಗಳು ಬೆರೆತು ಬರುತ್ತವೆ, ಗಡಿಯ ಹತ್ತಿರ ಗೆರೆಗಳಲ್ಲಿ ಕೊಂಬಿನಂತೆ ಚೂಪಾದ ಏರಿಕೆಗಳು ಮೂಡುತ್ತವೆ. ಅವು ಶಿಲೆಯ ಗುಣವನ್ನು ಹೇಳುವುದಿಲ್ಲ, ಗಡಿಯಲ್ಲಿ ಕೂಡಿಕೊಂಡ ವಿದ್ಯುದಾವೇಶದಿಂದ ಹುಟ್ಟಿದವು. ಗಡಿ ಎಲ್ಲಿದೆ ಎಂದು ಗುರುತಿಸಲು ಅವನ್ನು ಬಳಸಬಹುದು, ನೀರಿನ ಪ್ರಮಾಣ ಲೆಕ್ಕ ಹಾಕಲು ಬಳಸಬಾರದು.

ಪರ್ಯಾಯಗಳ ಜೊತೆ ತೂಗಿ ನೋಡುವುದಾದರೆ, ಕೊರೆಯುವಾಗಲೇ ಅಳೆಯುವ ಉಪಕರಣಗಳು ಸಾಮಾನ್ಯವಾಗಿ 2 ಮೆಗಾಹರ್ಟ್ಜ್ ಮತ್ತು 400 ಕಿಲೋಹರ್ಟ್ಜ್‌ಗಳಲ್ಲಿ ಕೆಲಸ ಮಾಡಿ, ಫೇಸ್ ವ್ಯತ್ಯಾಸ ಮತ್ತು ಕ್ಷೀಣತೆ ಎರಡನ್ನೂ ಕೊಡುತ್ತವೆ. ಫೇಸ್‌ನಿಂದ ಬಂದ ರೋಧಶೀಲತೆ ಗೋಡೆಗೆ ಹತ್ತಿರದ್ದು, ಪದರಗಳನ್ನು ಚೆನ್ನಾಗಿ ಬಿಡಿಸುವಂಥದ್ದು, ಕ್ಷೀಣತೆಯಿಂದ ಬಂದದ್ದು ಹೆಚ್ಚು ಆಳದ್ದು, ಆದರೆ ಮಸುಕು. ಮಡ್ ಇನ್ನೂ ಒಳಗೆ ನುಗ್ಗುವ ಮೊದಲೇ ಅಳತೆ ಸಿಗುವುದು ಅವುಗಳ ದೊಡ್ಡ ಅನುಕೂಲ. ಆದರೆ ಉಂಗುರದಂಥ ಸೂಚನೆಗಳು ಹುಟ್ಟಲು ಸಮಯವೇ ಸಿಗದಿರುವುದು ಅದೇ ಅನುಕೂಲದ ಇನ್ನೊಂದು ಮುಖ. ಹತ್ತಾರು ಕಿಲೋಹರ್ಟ್ಜ್‌ಗಳ ಅರೇ (ಹಲವು ಸುರುಳಿಗಳ ಸಾಲುಳ್ಳ) ಇಂಡಕ್ಷನ್ ಉಪಕರಣಗಳು ಶಿಲೆಯೊಳಗೆ ಎರಡು ಮೀಟರ್ ದಾಟಿ ನೋಡಬಲ್ಲವು, ಆಳವಾಗಿ ಮಡ್ ನುಗ್ಗಿದ ಪದರಗಳಲ್ಲಿ ಅವುಗಳ ಮಾತಿಗೆ ತೂಕ ಹೆಚ್ಚು. ಗ್ರಾನೈಟ್‌ನಂಥ ಗಟ್ಟಿ ಶಿಲೆಯಲ್ಲಿ ಬಿರುಕು ಹುಡುಕುವವರಿಗೆ ಬೇಕಾದದ್ದು ಬೇರೆಯೇ ಜಾತಿಯ ಸಾಧನ: ಸ್ವೀಡನ್ನಿನ ಸ್ಟ್ರಿಪಾ ಗಣಿಯ ಸಂಶೋಧನೆಯಲ್ಲಿ 1980ರ ದಶಕದಲ್ಲಿ ಬೆಳೆದ ಬಾವಿ ರಾಡಾರ್. ವಿಕಿಜ್‌ಗೆ ಅಡ್ಡಿಯಾಗುವ ಹೆಚ್ಚು ರೋಧಶೀಲತೆಯೇ ಅದಕ್ಕೆ ವರ, ತರಂಗ ಅಲ್ಲಿ ಹತ್ತಾರು ಮೀಟರ್ ದೂರ ಹೋಗಿ ಪ್ರತಿಫಲಿಸಿ ಮರಳಬಲ್ಲದು.

ವಿಕಿಜ್ ಲಾಗಿಂಗ್ ಸೇವೆಯನ್ನು ಪಡೆಯುವವರು ಕೇವಲ ಬಣ್ಣದ ಗೆರೆಗಳ ಚಿತ್ರವನ್ನು ಒಪ್ಪಿಕೊಂಡು ಸುಮ್ಮನಾಗಬಾರದು. ರೋಧಶೀಲತೆಗೆ ಪರಿವರ್ತಿಸುವ ಮೊದಲಿನ, ಡಿಗ್ರಿಗಳಲ್ಲಿರುವ ಐದು ಫೇಸ್ ವ್ಯತ್ಯಾಸಗಳನ್ನು ಕೇಳಿ ಪಡೆಯಬೇಕು, ಏಕೆಂದರೆ ಉಪಕರಣ ನಿಜವಾಗಿ ಅಳೆದದ್ದು ಅಷ್ಟನ್ನೇ. ಬಾವಿಗೆ ಇಳಿಸುವ ಮುನ್ನ ಮತ್ತು ಮೇಲೆತ್ತಿದ ನಂತರ ಗಾಳಿಯಲ್ಲಿ ತೆಗೆದ ಸೊನ್ನೆಯ ದಾಖಲೆ, ಬಾವಿಯ ವ್ಯಾಸದ ಲಾಗ್, ಪದರವನ್ನು ಕೊರೆದ ಸಮಯ ಮತ್ತು ಲಾಗ್ ಮಾಡಿದ ಸಮಯ, ಮಡ್‌ನ ರೋಧಶೀಲತೆ ಮತ್ತು ಅದನ್ನು ಅಳೆದ ಉಷ್ಣಾಂಶ ಇವೂ ಅದರೊಂದಿಗೆ ಬರಬೇಕು. ಈ ಕೊನೆಯದನ್ನು ಹಗುರವಾಗಿ ಕಾಣುವವರು ಬಹಳ. ಉಪ್ಪುನೀರಿನ ರೋಧಶೀಲತೆ ಬಿಸಿಯೇರಿದಂತೆ ಇಳಿಯುತ್ತದೆ: ಮೇಲೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಓಮ್-ಮೀಟರ್ ಇದ್ದ ಮಡ್ ಕೆಳಗೆ 80 ಡಿಗ್ರಿಯಲ್ಲಿ ಸುಮಾರು 0.4 ಓಮ್-ಮೀಟರ್ ಆಗಿರುತ್ತದೆ, ಮೇಲಿನ ಅಂಕಿಯನ್ನೇ ವಿಲೋಮ ಗಣನೆಗೆ ಕೊಟ್ಟರೆ ಚಿಕ್ಕ ಪ್ರೋಬ್‌ಗಳ ತಿದ್ದುಪಡಿ ತಪ್ಪು ದಿಕ್ಕಿಗೆ ಹೊರಳುತ್ತದೆ. ಜೇಡಿಶಿಲೆಯ ಒಂದು ದಪ್ಪ ಪದರವನ್ನು ಆರಿಸಿ, ಅಲ್ಲಿ ಐದು ಗೆರೆಗಳು ಕೂಡುತ್ತವೆಯೇ ಎಂದು ತಂತ್ರಾಂಶ ತೆರೆಯುವ ಮೊದಲೇ ಕಣ್ಣಿನಿಂದ ನೋಡಿಕೊಳ್ಳಬೇಕು. ಕೂಡದೆ ಇದ್ದಲ್ಲಿ, ವ್ಯಾಸದ ಲಾಗ್ ಬಾವಿ ಅಗಲವಾಗಿಲ್ಲ ಎಂದು ಹೇಳುತ್ತಿದ್ದರೆ, ಉಪಕರಣವನ್ನು ಮತ್ತೊಮ್ಮೆ ಇಳಿಸುವಂತೆ ಬಾವಿ ಮುಚ್ಚುವ ಮೊದಲೇ ಕೇಳುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಂಡಿರಬೇಕು.